ಪಟ್ಟದ ಗೊಂಬೆಯ ಪಕ್ಕದ ಕೋವಿಯವಳು

ಟೀವಿ ಧಾರಾವಾಹಿಗಳ ಸೊಸೆಯಂದಿರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕುಂತರೂ ಅಳು, ನಿಂತರೂ ಅಳು. ಒಂದು ಏಟು ಬಿಗಿಯುವುದಕ್ಕೆ ವಾರಗಟ್ಟಲೆ ಯೋಚನೆ! ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು ನಾನು, ಆದರೂ ಅಷ್ಟು ಪೆದ್ದಿಯಲ್ಲ. ಅದಕ್ಕೇ ಮೊಮ್ಮಗಳು ಮೊಬೈಲಿನಲ್ಲಿ ನೋಡುವ ಜಪಾನಿನವರ ಅನಿಮೆ ಎಂಬ ಕಾರ್ಟೂನು ನನಗೂ ಹಿಡಿಸಿಬಿಟ್ಟಿತು. ಕಥೆ ನಡೆಯುವುದು ಮೆಕ್ಸಿಕೋ ತರಹದ ಊರಿನಲ್ಲಿ. ಪಾಪಾಸುಕಳ್ಳಿ, ಕೆಂಪು ಹೆಂಚು, ಗಿಟಾರು, ಮುಸುಕಿನ ಜೋಳದ ರೊಟ್ಟಿ. ಅಕ್ಕತಂಗಿಯರಿಬ್ಬರು ಕುದುರೆ ಹತ್ತಿ, ಊರಿನ ಬಾವಿ ನುಂಗಿದ ಸಾಹುಕಾರನನ್ನು ಅಟ್ಟಿಸಿಕೊಂಡು ಹೋಗುತ್ತಾರೆ. ಅಳಲು ಅವರಿಗೆ ಪುರುಸೊತ್ತೆಲ್ಲಿ!

ಈ ಸಲದ ದಸರೆಗೆ ಅವರಿಬ್ಬರನ್ನೂ ಗೊಂಬೆ ಮಾಡಿ ಕೂರಿಸೋಣ ಎಂದಳು ಮೊಮ್ಮಗಳು. ಮಣ್ಣು ಕಲಸಿದ್ದು, ಕಣ್ಣು ಬರೆದದ್ದು ಅವಳು. ನನ್ನ ಹಳೇ ರೇಷ್ಮೆ ಸೀರೆ ಹರಿದು ನೆರಿಗೆ ಲಂಗ ಹೊಲಿದದ್ದು ನಾನು. ಅಕ್ಕನ ಕೈಗೆ ಕೋವಿ, ತಂಗಿಯ ಸೊಂಟಕ್ಕೆ ಕತ್ತಿ, ಇಬ್ಬರ ಮುಡಿಗೂ ಹೂ. ನನ್ನ ತವರಿನಿಂದ ಬಂದ ರಾಜ ರಾಣಿಯರ ಪಟ್ಟದ ಗೊಂಬೆಗಳ ಪಕ್ಕದಲ್ಲೇ, ಮೇಲಿನ ಮೆಟ್ಟಿಲಲ್ಲಿ ನಿಲ್ಲಿಸಿದೆವು. ಎಷ್ಟು ನೋಡಿದರೂ ನನಗೆ ಸಾಲದು!

ಸುದ್ದಿ ಜಯಲಕ್ಷ್ಮಿಪುರಂನ ನನ್ನ ನಾದಿನಿಗೆ ಮುಟ್ಟಿತು. ಡಿಗ್ರಿ ಓದಿದವಳು, ಊರಿನ ಶಾಸ್ತ್ರವೆಲ್ಲ ತನ್ನ ಸೆರಗಿನ ಗಂಟಿನಲ್ಲಿದೆ ಎಂದುಕೊಂಡವಳು.

"ಏನತ್ಗೆ, ಪಟ್ಟದ ಗೊಂಬೆ ಪಕ್ಕ ಕಾರ್ಟೂನ್ ಕೂರ್ಸಿದ್ದೀರಂತೆ? ನಾನ್ ಬರೋಷ್ಟ್ರಲ್ಲಿ ತೆಗ್ಸಿಬುಡಿ," ಎಂದಳು ಫೋನಿನಲ್ಲಿ.

ಸೊಸೆ ಹೆದರಿದಳು. "ಸುಮ್ನೆ ರಾದ್ಧಾಂತ ಯಾಕತ್ತೆ, ಬೀರು ಒಳಗಿಟ್ಬುಡೋಣ."

ಮೊಮ್ಮಗಳ ಮುಖ ಸಣ್ಣಗಾಯಿತು. "ತೆಗೀಬೇಡಿ ಅಜ್ಜಿ. ಫ್ರೆಂಡ್ಸ್‌ನೆಲ್ಲ ಕರ್ದಿದ್ದೀನಿ."

"ಯಾವಳ್ ಮುಟ್ತಾಳೋ ನಾನೂ ನೋಡ್ತೀನಿ ಬಾರೇ," ಎಂದೆ.

ನವರಾತ್ರಿಯ ಮೊದಲ ದಿನ ನಾದಿನಿ ಆಟೋದಿಂದ ಇಳಿದಳು. ಕನ್ನಡಕ ಹಾಕಿದರೆ ವಯಸ್ಸು ಕಾಣುತ್ತದೆಂದು ಅದನ್ನು ಬ್ಯಾಗಿನಲ್ಲೇ ಇಟ್ಟುಕೊಳ್ಳುವ ಮಹಾರಾಣಿ! ನಮ್ಮಲ್ಲಿ ಗೊಂಬೆಗಳಿಗೆ ಮೊದಲ ಕುಂಕುಮ ಇಡುವುದು ಮನೆಮಗಳು, ಅಂದರೆ ಅವಳೇ. ರಾಜನಿಗಿಟ್ಟಳು, ರಾಣಿಗಿಟ್ಟಳು. ನಮ್ಮ ಕೋವಿಯವಳಿಗೂ ಇಟ್ಟಳು. ಕತ್ತಿಯವಳಿಗೂ ಇಟ್ಟು ಕೈ ಬೇರೆ ಮುಗಿದಳು! ನಾನು ತುಟಿ ಕಚ್ಚಿಕೊಂಡು ನಿಂತಿದ್ದೆ.

"ಪರ್ವಾಗಿಲ್ಲ ಅತ್ಗೆ, ಕಾರ್ಟೂನ್ ತೆಗ್ಸಿದ್ದೀರಲ್ಲ."

"ಇಲ್ಲ ಚಿಕ್ಕಜ್ಜಿ," ಎಂದಳು ಮೊಮ್ಮಗಳು. "ಈಗ ಕೈ ಮುಗಿದ್ರಲ್ಲ, ಅವ್ರೇ."

ಕನ್ನಡಕ ಹೊರಗೆ ಬಂತು. "ಅಯ್ಯೋ! ಆಯುಧ ಹಿಡ್ದಿದ್ದಾಳಲ್ಲ, ಯಾವ್ದೋ ಶಕ್ತಿದೇವ್ರು ಅಂದ್ಕೊಂಡೆ ಕಣೇ! ತೆಗೀರಿ, ತೆಗೀರಿ!"

"ಎಂಗಮ್ಮ ತೆಗೆಯೋದು?" ಎಂದೆ. "ಕುಂಕುಮ ಇಟ್ಟ ಗೊಂಬೆನ ವಿಜಯದಶಮಿ ತನ್ಕ ಕದಲಿಸ್ಬಾರ್ದು ಅಂತ ವರ್ಷಾವರ್ಷ ಪಾಠ ಹೇಳೋಳು ನೀನೇ ಅಲ್ವಾ?"

ಡಿಗ್ರಿಯವಳು ಕನ್ನಡಕವನ್ನು ಮತ್ತೆ ಬ್ಯಾಗಿಗೆ ತುರುಕಿದಳು. ಹೋಗಿ ಸೋಫಾದಲ್ಲಿ ಕುಳಿತಳು, ಕುಕ್ಕರಿನಲ್ಲಿ ಆವಿ ಸಿಕ್ಕಿಕೊಂಡ ಹಾಗೆ.

ಸಂಜೆ ಮೊಮ್ಮಗಳ ಸ್ನೇಹಿತೆಯರು ಬಂದರು. ಅವಳು ಮೆಟ್ಟಿಲ ಪಕ್ಕ ನಿಂತು, ಸಾಹುಕಾರ ಓಡಿದ್ದನ್ನು ತಾನೇ ಓಡಿ ತೋರಿಸಿದಳು. ನಾದಿನಿ ಗೋಡೆ ನೋಡುತ್ತಾ ಕಡಲೆ ಉಸಲಿ ಮೆಲ್ಲುತ್ತಿದ್ದಳು. ನೋಡಲಿ ಬಿಡಿ, ಗೋಡೆಯೂ ನಮ್ಮದೇ! ಖುಷಿಗೆ ನನ್ನ ಕೈ ನಿಲ್ಲಲಿಲ್ಲ. ಬೇಡಬೇಡವೆಂದರೂ ಹುಡುಗಿಯರ ತಟ್ಟೆಗೆಲ್ಲ ಇನ್ನೊಂದೊಂದು ಸೌಟು ಉಸಲಿ ಸುರಿದೆ.