ಅನಾರ್ಕಾನ್‌ಳನ್ನು ಕೂರಿಸಿದ ಚಳಿಗಾಲ

ಅನಾರ್ಕಾನ್ ತನ್ನ ಸೊಸೆಯನ್ನು ಮೊದಲ ಸಲ ಕಂಡದ್ದು ಮನೆಯ ಹೊಸ್ತಿಲಲ್ಲಿ. ಅತ್-ಬಾಶಿಯ ಬೆಟ್ಟಗಳ ಮೇಲೆ ಆಗಲೇ ಹಿಮ ಬಿದ್ದಿತ್ತು. ಕಾರು ಅಂಗಳಕ್ಕೆ ಬಂದು ನಿಂತಾಗ ನೆರೆಯ ಹೆಂಗಸರು ಮಿಠಾಯಿಯನ್ನೂ ಕರಿದ ಹಿಟ್ಟಿನ ತುಂಡುಗಳನ್ನೂ ಎರಚಿದರು. ಮಕ್ಕಳು ಕೆಸರಿನಲ್ಲಿ ಬಿದ್ದು ಆರಿಸಿಕೊಂಡರು. ಜಿಬೆಕ್ ಇಳಿದಳು. ಕಾಲಿಗೆ ತೆಳುವಾದ ಪೇಟೆಯ ಬೂಟು, ಚಳಿಗೆ ಕೆಂಪಾದ ಮೂಗು, ಬೆರಳಿಗೆ ಸಡಿಲವಾದ ಉಂಗುರ. ಅದು ಜಾರದಿರಲೆಂದು ಮುಷ್ಟಿ ಬಿಗಿ ಹಿಡಿದಿದ್ದಳು. ಅನಾರ್ಕಾನ್ ಅವಳ ತಲೆಗೆ ಬಿಳಿ ವಸ್ತ್ರ ಹೊದಿಸಿದಳು. ಹುಡುಗಿ ಬಾಗಿ ವಂದಿಸಿದಳು. ಅವಳನ್ನು ಎತ್ತಲು ಬಗ್ಗಿದಾಗ ಅನಾರ್ಕಾನ್‌ಳ ಬಲ ಮಂಡಿ ಒಣ ಪುಳ್ಳೆ ಮುರಿದಂತೆ ಲಟಕ್ಕೆಂದಿತು. ಜಿಬೆಕ್ ತಟ್ಟನೆ ತಲೆಯೆತ್ತಿ ನೋಡಿದಳು.

ಮರುದಿನ ಬೆಳಿಗ್ಗೆ ಕೊಟ್ಟಿಗೆಯ ಬಾಗಿಲಲ್ಲೇ ಅತ್ತೆಯ ಕೈಯಿಂದ ಬಕೆಟ್ಟು ಕಿತ್ತುಕೊಂಡಳು.

"ಬಿಡಿ ಅತ್ತೆ, ನಾನಿರೋವಾಗ ನಿಮಗ್ಯಾಕೆ ಇದೆಲ್ಲ?"

"ಹಸುವಿಗೆ ನಿನ್ನ ಗುರುತಿಲ್ಲ ಮಗಾ, ಒದೀತದೆ."

"ಒದ್ರೆ ಒದೀಲಿ. ನೀವು ಒಳಗೆ ಹೋಗಿ ಕೂತ್ಕೊಳ್ಳಿ."

ಆ ಮಂಡಿನೋವು ಹೊಸದೇನಲ್ಲ. ಅನಾರ್ಕಾನ್ ಮದುವೆಯಾಗಿ ಬಂದಾಗಿನಿಂದ ಪ್ರತಿ ಬೇಸಿಗೆಯೂ ಬೆಟ್ಟದ ಹುಲ್ಲುಗಾವಲಿನಲ್ಲಿ ಕುದುರೆಗಳ ಹಾಲು ಕರೆದವಳು. ಒದ್ದೆ ಹುಲ್ಲಿನ ಮೇಲೆ ಒಂದು ಮಂಡಿಯೂರಿ, ಇನ್ನೊಂದು ತೊಡೆಯ ಮೇಲೆ ಪಾತ್ರೆ ಇಟ್ಟು, ಕುದುರೆಯ ಹಿಂಗಾಲನ್ನು ತೋಳಿನಿಂದ ಬಳಸಿ ಕರೆಯಬೇಕು. ಊರಿದ ಮಂಡಿಯೇ ಸವೆದಿತ್ತು. ಜಿಲ್ಲಾ ಆಸ್ಪತ್ರೆಯ ಡಾಕ್ಟರಮ್ಮ ಕಾಲನ್ನು ಮಡಿಸಿ ಬಿಡಿಸಿ ನೋಡಿ, "ನೋಯ್ತದೆ ಅಂತ ಕೂತ್ಯೋ, ಕಾಲೂ ನಿನ್ನ ಜೊತೆ ಕೂತುಬಿಡ್ತದೆ. ಊದಿದ ದಿನ ಕೆಲಸ ಕಮ್ಮಿ ಮಾಡು, ನಿಲ್ಲಿಸಬೇಡ," ಎಂದಿದ್ದಳು. ಅನಾರ್ಕಾನ್ ನಿಲ್ಲಿಸಿರಲಿಲ್ಲ. ಬೆಳಿಗ್ಗೆ ಹಾಸಿಗೆಯಲ್ಲೇ ಕಾಲು ಚಾಚಿ ಮಡಿಸಿ, ಗೋಡೆ ಹಿಡಿದು ಎದ್ದು, ಹಳ್ಳಕ್ಕೆ ಹೋಗಿ ನೀರು ತರುವಷ್ಟರಲ್ಲಿ ಮಂಡಿ ಸಡಿಲವಾಗುತ್ತಿತ್ತು. ನೋವು ಹೋಗುತ್ತಿರಲಿಲ್ಲ. ಅದನ್ನು ಹೊತ್ತುಕೊಂಡೇ ದಿನ ಸಾಗುತ್ತಿತ್ತು.

ಸೊಸೆ ಬಂದ ಮೇಲೂ ಅವಳು ಕದ್ದುಮುಚ್ಚಿ ನೀರಿಗೆ ಹೋದಳು. ಅದನ್ನು ನಾದಿನಿ ಬಾತ್ಮಾ ದಾರಿಯಲ್ಲಿ ಕಂಡಳು. ನೆಟ್ಟಗೆ ಮನೆಗೆ ಬಂದು, ಚಹಾ ಬಗ್ಗಿಸುತ್ತಿದ್ದ ಜಿಬೆಕ್‌ಳ ಮುಂದೆ ಕೂತಳು.

"ಚಹಾ ಚೆನ್ನಾಗಿದೆಯಮ್ಮ. ನೀರು ಯಾರು ತಂದಿದ್ದು? ಕುಂಟೋ ಅತ್ತೆ ತಾನೇ? ನಿಮ್ಮ ಕಡೆ ಸೊಸೇರನ್ನ ಷೋಕೇಸಲ್ಲಿಟ್ಟು ಸಾಕ್ತಾರಾ?"

ಹೊಸ ಸೊಸೆ ಎದುರುತ್ತರ ಕೊಡುವಂತಿಲ್ಲ. ಜಿಬೆಕ್ ತಲೆ ತಗ್ಗಿಸಿ ಬಾತ್ಮಾಳ ಬಟ್ಟಲಿಗೆ ಮತ್ತೆ ಚಹಾ ಬಗ್ಗಿಸಿದಳು.

"ನಾನೇ ಹೋಗಿದ್ದು ಬಾತ್ಮಾ. ಡಾಕ್ಟರು ನಡೀಬೇಕು ಅಂದಿದ್ದಾರೆ," ಎಂದಳು ಅನಾರ್ಕಾನ್.

"ಡಾಕ್ಟರು ಅನ್ನಲಿ ಅತ್ತಿಗೆ. ಬಕೆಟ್ ಹಿಡಿದು ಹೋಗೋ ನಿನ್ನ ನೋಡಿದ ಊರು ಏನನ್ನತ್ತೆ? ಮುದುಕಿಗೆ ಮನೇಲಿ ಜಾಗ ಇಲ್ಲ ಅನ್ನತ್ತೆ."

ವಾರದೊಳಗೆ ಊರು ಹಾಗೇ ಅಂದಿತು. ಅಂಗಡಿಗೆ ಹೋದ ಜಿಬೆಕ್ ಅತ್ತು ಕಣ್ಣು ಕೆಂಪಾಗಿಸಿಕೊಂಡು ಬಂದಳು. ಮಗ ಎರ್ಮೆಕ್ ತಾಯಿಯ ಮುಖ ನೋಡದೆ, "ಅವ್ವಾ, ಒಂದು ಚಳಿಗಾಲ ಕೂತ್ಕೊಂಡ್ರೆ ಏನಾಗ್ತದೆ? ಅವಳ ಮಾನ ಉಳೀತದೆ," ಎಂದ.

ಅನಾರ್ಕಾನ್ ಕೂತಳು. ಬಾಗಿಲಿಗೆ ಎದುರು, ಹಿರಿಯರ ಜಾಗದಲ್ಲಿ, ಕುರಿಚರ್ಮದ ಮೇಲೆ ದಿಂಬು ಜೋಡಿಸಿ ಕೂರಿಸಿದರು. ಬ್ರೆಡ್ಡು ಕೈಗೆ ಬರುತ್ತಿತ್ತು, ಚಪ್ಪಲಿ ಕಾಲಿಗೆ ಬರುತ್ತಿತ್ತು. ಬಂದವರೆಲ್ಲ "ಪುಣ್ಯವಂತೆ, ಸೊಸೆ ಚಿನ್ನ" ಎಂದು ಹೊಗಳಿದರು. ಜಿಬೆಕ್‌ಳ ಮುಖ ಅರಳಿತು. ಅನಾರ್ಕಾನ್‌ಳ ತೊಡೆ ಬಡವಾಯಿತು. ಮೊದಲು ಬೆಳಿಗ್ಗೆ ಮಾತ್ರ ಬಿಗಿಯುತ್ತಿದ್ದ ಮಂಡಿ ಈಗ ದಿನವಿಡೀ ಬಿಗಿದೇ ಇರುತ್ತಿತ್ತು.

ಬೇಸಿಗೆಯಲ್ಲಿ ಲಾರಿ ಹತ್ತಿ ಹುಲ್ಲುಗಾವಲಿಗೆ ಹೋದರು. ಮೊದಲ ದಿನವೇ ಅವಳು ಪಾತ್ರೆ ಎತ್ತಿಕೊಂಡು ಕೆಂದ ಕುದುರೆಯ ಹತ್ತಿರ ಹೋದಳು. ಮರಿಯನ್ನು ಒಂದಿಷ್ಟು ಉಣಿಸಿ ಸರಿಸಿದಳು, ಮಂಡಿಯೂರಿದಳು, ಕರೆದಳು. ಕೈ ಏನನ್ನೂ ಮರೆತಿರಲಿಲ್ಲ. ಏಳಲು ಹೋದಾಗ ಕಾಲು ಒಪ್ಪಲಿಲ್ಲ. ಕುದುರೆ ಬೆದರಿ ಸರಿಯಿತು, ಅವಳು ಹಾಲಿನ ಮೇಲೇ ಬಿದ್ದಳು. ಎರ್ಮೆಕ್ ಮತ್ತು ಜಿಬೆಕ್ ಆಚೆಗೊಬ್ಬರು ಈಚೆಗೊಬ್ಬರು ಹಿಡಿದು, ಸುತ್ತಿದ ಕಂಬಳಿಯನ್ನು ಎತ್ತಿದಂತೆ ಎತ್ತಿದರು.

"ಇದಕ್ಕೇ ಕೂತ್ಕೋ ಅಂದಿದ್ದು," ಎಂದಳು ಬಾತ್ಮಾ ಪಕ್ಕದ ಡೇರೆಯಿಂದ.

"ಕೂತಿದ್ದಕ್ಕೇ ಬಿದ್ದಿದ್ದು ಕಣೇ!" ಅನಾರ್ಕಾನ್‌ಳ ದನಿ ಒಡೆಯಿತು. "ಜಿಬೆಕ್, ಬಕೆಟ್ ಕೊಡು ನಂಗೆ. ನಾಳೆಯಿಂದ ನೀರು ನಾನು ತರ್ತೀನಿ."

ಜಿಬೆಕ್ ಬಕೆಟ್ಟನ್ನು ಬೆನ್ನ ಹಿಂದೆ ಇಟ್ಟುಕೊಂಡಳು. "ಬೇಡ ಅತ್ತೆ. ನಿಮ್ಮ ಕಾಲಿನ ಕತೆ ಮುಗೀತು. ಈಗ ನನ್ನ ಹೆಸರೂ ಕೆಡಿಸ್ತೀರಾ?"

ಅವಳು ಕೆಟ್ಟವಳಾಗಿ ಹೇಳಿದ್ದಲ್ಲ. ಅಳುತ್ತಾ ಹೇಳಿದಳು. ಅದಕ್ಕೇ ಅನಾರ್ಕಾನ್‌ಗೆ ಬೈಯಲೂ ಆಗಲಿಲ್ಲ.

ಡಾಕ್ಟರಮ್ಮ ಮತ್ತೆ ಕಾಲು ನೋಡಿ, "ಹೋದದ್ದೆಲ್ಲ ಬರಲ್ಲ ಅನಾರ್ಕಾನ್, ಉಳಿದದ್ದನ್ನ ಕಳ್ಕೋಬೇಡ," ಎಂದಳು. ಆಮೇಲೆ ಅನಾರ್ಕಾನ್ ಮಂಡಿಯೂರಿ ಕುದುರೆಯ ಹಾಲು ಕರೆದದ್ದಿಲ್ಲ.

ಈಗ ಅನಾರ್ಕಾನ್ ದಿನವೂ ಬೆಳಿಗ್ಗೆ ದಾರಿಹೋಕರ ಕಣ್ಣಿಗೆ ಬೀಳದ ಕುರಿದೊಡ್ಡಿಯ ಹಿಂದೆ, ಗೋಡೆಗೆ ಒಂದು ಕೈ ಊರಿ ಹಿಂದಕ್ಕೂ ಮುಂದಕ್ಕೂ ನಡೆಯುತ್ತಾಳೆ. ನೆಂಟರು ಬಂದ ದಿನ ನಡೆಯುವುದಿಲ್ಲ. ಒಳಗೆ ಕೂತು ಚಹಾ ಕುಡಿಯುತ್ತಾಳೆ.