ಹ್ಯಾಂಡಲ್ಲಿಗೆ ಕಟ್ಟಿದ ನಿಂಬೆಹಣ್ಣು

ಸಾಂಗ್ಲಿ, ಮಿರಜ ಎರಡೂ ಕೂಡಿ ಒಂದೇ ಮಹಾನಗರಪಾಲಿಕೆಯಾದ ಹೊಸತರಲ್ಲೇ ನಮ್ಮ ಮನೆತನದ ಎರಡು ಅಂಗಡಿಗಳನ್ನೂ ಒಂದು ಮಾಡಬೇಕೆಂದು ಹಿರಿಯರು ತೀರ್ಮಾನಿಸಿದರು. ಸಾಂಗ್ಲಿಯ ಅರಿಷಿಣದ ಅಂಗಡಿ ಅಪ್ಪನದು, ಮಿರಜದ ಬೆಲ್ಲದ ಅಂಗಡಿ ಕಾಕಾನದು. ಅಣ್ಣತಮ್ಮಂದಿರು ನಾನು ಹುಟ್ಟುವ ಮೊದಲೇ ಬೇರೆಯಾಗಿದ್ದರು. ಯಾಕೆ ಬೇರೆಯಾದಿರಿ ಎಂದರೆ ಇಬ್ಬರೂ ಮಾತು ಹಾರಿಸುತ್ತಿದ್ದರು. ಈಗ ಯಾಕೆ ಕೂಡುತ್ತೀರಿ ಎಂದರೆ ಅಪ್ಪ ನಗುತ್ತಿದ್ದರು: “ಊರೂರೇ ಕೂಡ್ಯಾವ, ನಾವು ಕೂಡಬಾರದೇನು?” ದೀಪಾವಳಿ ಪಾಡ್ಯದ ದಿನ ಮಿರಜದ ಅಂಗಡಿಯಲ್ಲಿ ಎಲ್ಲರೂ ಸೇರಿ ಪೂಜೆ ಮಾಡುವುದು, ಅಂದಿನಿಂದ ವ್ಯಾಪಾರ ಒಂದೇ ಎಂದು ಮಾತಾಯಿತು. ಅಲ್ಲಿಯತನಕ ಯಾರ ಮನಸ್ಸೂ ಕೆಡಬಾರದು. ಆ ಮಳೆಗಾಲವಿಡೀ ನಮ್ಮ ಮನೆಯವರು ತುಂಬಿದ ಕೊಡ ಹೊತ್ತವರಂತೆ ಓಡಾಡಿದರು.

ಎರಡು ಅಂಗಡಿಗಳ ನಡುವೆ ಗಿರಾಕಿಗಳಿಗೆ ತೋರಿಸುವ ಅರಿಷಿಣದ ಮಾದರಿ ಪೊಟ್ಟಣ, ಊಟದ ಡಬ್ಬಿ ಒಯ್ಯಲು ಒಬ್ಬರು ಬೇಕಾಗಿತ್ತು. ನನಗೆ ಹದಿನಾರು ತುಂಬಿತ್ತು, ನನ್ನ ಕಾಲೇಜೂ ಎರಡು ಊರುಗಳ ನಡುವೆಯೇ ಇತ್ತು. ಅಪ್ಪ ಗೇರಿಲ್ಲದ ಮೊಪೆಡ್ ಒಂದನ್ನು ತಂದು ಲೈಸೆನ್ಸ್ ಮಾಡಿಸಿದರು. ಹುಡುಗಿ ಕೈಗೆ ಗಾಡಿ ಕೊಟ್ಟರೆಂದು ಓಣಿಯವರು ಹುಬ್ಬೇರಿಸಿದರು. ಏರಿಸಿಕೊಳ್ಳಲಿ ಎಂದು ನಾನು ಇನ್ನೂ ಜೋರಾಗಿ ಹಾರ್ನ್ ಬಾರಿಸುತ್ತಿದ್ದೆ.

ಗಾಡಿ ಕಲಿಸಿದ್ದು ಸಾಂಗ್ಲಿಯ ಹೊರಗೆ, ಹರಿಪುರದ ದಾರಿಯಲ್ಲಿ, ಹುಣಸೆಮರಗಳ ಕೆಳಗೆ. ಅಪ್ಪ ತಮ್ಮ ಚಪ್ಪಲಿಯೊಂದನ್ನು ನಡುರಸ್ತೆಯಲ್ಲಿಟ್ಟು ಒಂಟಿ ಚಪ್ಪಲಿಯಲ್ಲಿ ದಂಡೆಗೆ ನಿಲ್ಲುತ್ತಿದ್ದರು. ನಾನು ದೂರದಿಂದ ಬಂದು ಅದನ್ನು ಮುಟ್ಟದೆ ಗಾಡಿ ನಿಲ್ಲಿಸಬೇಕು. ಮೊದಮೊದಲು ದಿನಾಲೂ ಚಪ್ಪಲಿ ಮೇಲೆ ಹಾಯಿಸಿದೆ. “ಓಡಸೂದು ಯಾರಿಗರೆ ಬರತೈತಿ. ನೀ ನಿಲ್ಲಸೂದು ಕಲಿ,” ಎನ್ನುತ್ತಿದ್ದರು. ಮುಂದೆ ಪ್ರತಿದಿನ ಹೊರಡುವ ಮೊದಲು ಎರಡೂ ಬ್ರೇಕು ಹಿಡಿದು ತೋರಿಸದೆ ಅವರು ಬಾಗಿಲು ಬಿಟ್ಟು ಸರಿಯುತ್ತಿರಲಿಲ್ಲ.

ಇಷ್ಟು ಎಚ್ಚರದ ಮನುಷ್ಯ ಒಂದು ನಿಂಬೆಹಣ್ಣಿನ ಮುಂದೆ ಸೋತರು.

ದೃಷ್ಟಿ ಆಗಬಾರದೆಂದು ಅವ್ವ ಶನಿವಾರಕ್ಕೊಮ್ಮೆ ಹ್ಯಾಂಡಲ್ಲಿನ ಎಡಕ್ಕೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿ ಕಟ್ಟುತ್ತಿದ್ದಳು. ಮಿರಜಕ್ಕೆ ಹೋದರೆ ಕಾಕು, ಅಂದರೆ ಕಾಕಾನ ಹೆಂಡತಿ, ಬಲಕ್ಕೆ ತಮ್ಮದೊಂದನ್ನು ಕಟ್ಟುತ್ತಿದ್ದರು. ಅವರದು ದಾರವಲ್ಲ, ತಂತಿ. ನಿಂಬೆಯೂ ದಪ್ಪ. ಒಂದು ಮನೆಯವರು ಕಟ್ಟಿದ್ದನ್ನು ಇನ್ನೊಂದು ಮನೆಯವರು ಬಿಚ್ಚುವ ಹಾಗಿಲ್ಲ. ತಾನೇ ಒಣಗಿ ಉದುರಬೇಕು. ಬಿಚ್ಚಿದರೆ ಕಟ್ಟಿದವರ ಹಾರೈಕೆಯನ್ನೇ ಬೇಡವೆಂದ ಹಾಗೆ. ಹೀಗಾಗಿ ಹಳೆಯದರ ಮೇಲೆ ಹೊಸದು ಬಂದು ಕೂತಿತು. ಮಳೆಗಾಲ ಮುಗಿಯುವ ಹೊತ್ತಿಗೆ ಬಲಗೈ ಬ್ರೇಕಿಗೂ ಹಿಡಿಕೆಗೂ ನಡುವೆ ಒಂದು ನಿಂಬೆಹಣ್ಣು ಸಿಕ್ಕಿಕೊಂಡು, ಬ್ರೇಕು ಅರ್ಧಕ್ಕೇ ನಿಲ್ಲತೊಡಗಿತು.

ನಾನು ಕಾಕುಗೆ ನೇರವಾಗಿ ಹೇಳಿದೆ.

“ಕಾಕು, ಇದು ಬ್ರೇಕಿಗೆ ಅಡ್ಡ ಬರತೈತ್ರಿ. ಮುಂದ ಲೈಟಿಗೆ ಕಟ್ಟೂಣ್ರಿ.”

“ಲೈಟಿಗೆ ಯಾರ ಕಣ್ಣು ಬೀಳತೈತಿ? ಹಿಡಕೊಂಡ ಕೈಗೇ ಕಾವಲು ಇರಬೇಕು,” ಎಂದರು ಕಾಕು. ಅವರ ಮುಖ ಸಣ್ಣದಾಯಿತು. ಸಂಜೆಯೊಳಗೆ ಆ ಮಾತು ಸಾಂಗ್ಲಿಗೆ ಮುಟ್ಟಿತ್ತು.

ಅಪ್ಪ ಬ್ರೇಕು ಹಿಡಿದು ನೋಡಿದರು. ಅರ್ಧಕ್ಕೆ ನಿಂತಿದ್ದು ಅವರಿಗೂ ಗೊತ್ತಾಯಿತು. ನಾನು ಕತ್ತರಿ ತಂದು ಕೈಗೆ ಕೊಟ್ಟೆ. ಅವರು ಅದನ್ನು ಕಿಟಕಿಯ ಮೇಲಿಟ್ಟರು.

“ಈಗ ಬಿಚ್ಚಿದರ ಕಾಕು ತಪ್ಪು ತಿಳಕೋತಾಳ. ಪಾಡ್ಯಾ ಒಂದು ಆಗಲಿ. ಅಂದು ಸಂಜಿಮುಂದ ನಾನೇ ಬಿಚ್ಚತೇನಿ. ಅಲ್ಲೀತನಕ ಸಾವಕಾಶ ಹೋಗು.”

ನನಗೆ ಮೈ ಉರಿಯಿತು. ಮರುದಿನದಿಂದ ಅಪ್ಪ ಬಾಗಿಲಲ್ಲಿ ನಿಂತು ಬ್ರೇಕು ತೋರಿಸೆಂದು ಕೇಳುವುದನ್ನೂ ಬಿಟ್ಟರು. ನಾನು ಎಡಗೈ ನಂಬಿಕೊಂಡು, ದೂರದಿಂದಲೇ ವೇಗ ಇಳಿಸಿ, ಕಾಲು ಊರುತ್ತಾ ಓಡಿಸಿದೆ. ಕಬ್ಬಿನ ಹಂಗಾಮು ಆಗಲೇ ಶುರುವಾಗಿತ್ತು. ಹಿಂದೆ ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರಾಕ್ಟರುಗಳು ದೊಡ್ಡ ದನಿಯಲ್ಲಿ ಹಾಡು ಹಚ್ಚಿಕೊಂಡು ಬರುತ್ತಿದ್ದವು. ಹಿಂದಿನವರ ಹಾರ್ನು ಆ ಚಾಲಕರಿಗೆ ಕೇಳುತ್ತಲೇ ಇರಲಿಲ್ಲ. ಒಂದು ದಿನ ರಸ್ತೆಯ ನಡುವೆ ಒಂಟಿ ಚಪ್ಪಲಿ ಬಿದ್ದಿತ್ತು. ಅಪ್ಪನ ಪಾಠ ನೆನಪಾಗಿ ಬ್ರೇಕು ಹಿಡಿದೆ. ಗಾಡಿ ಅದರ ಮೇಲೆ ಹಾಯ್ದು ಹೋಗಿ ನಿಂತಿತು. ಅದು ಹೆಂಗಸಿನ ಚಪ್ಪಲಿ. ಯಾರದು, ಅಲ್ಲಿ ಹೇಗೆ ಬಂತು, ಗೊತ್ತಾಗಲಿಲ್ಲ. ಆ ದಿನದಿಂದ ಪಾಡ್ಯ ಬೇಗ ಬರಲಿ ಎಂದು ಕಾಯತೊಡಗಿದೆ.

ಕಾಕುವಿಗೆ ಒಬ್ಬಳೇ ಮಗಳು, ನನಗಿಂತ ಚಿಕ್ಕವಳು. ಕನ್ನಡ ಪೂರಾ ತಿಳಿಯುತ್ತಿತ್ತು, ಮಾತಾಡುವುದು ಮಾತ್ರ ಮರಾಠಿ. ಸೈಕಲ್ಲಿನಲ್ಲಿ ಮಿರಜದ ಸಂದಿಗೊಂದಿಯೆಲ್ಲ ಸುತ್ತಿದವಳು. ನನ್ನ ಮೊಪೆಡ್ ನಿಂತ ಕೂಡಲೇ ಅದರ ಮೇಲೆ ಹತ್ತಿ ಕುಳಿತು, “ಅಕ್ಕಾ, ಏಕದಾ ದೇ ನಾ,” ಒಮ್ಮೆ ಕೊಡು, ಎಂದು ಗೋಗರೆಯುತ್ತಿದ್ದಳು. “ಹದಿನಾರು ಆಗಲಿ. ಹರಿಪುರದ ದಾರ್ಯಾಗ ಅಪ್ಪನ ಚಪ್ಪಲಿ ಮುಂದ ನಿಲ್ಲಿಸಿ ತೋರಸು. ಆಮ್ಯಾಲೆ ಕೊಡತೇನಿ,” ಎನ್ನುತ್ತಿದ್ದೆ. ಕೀಲಿ ನನ್ನ ಸೊಂಟದಲ್ಲೇ ಇರುತ್ತಿತ್ತು.

ಪಾಡ್ಯ ಬಂತು. ಮಿರಜದ ಅಂಗಡಿಯ ತಕ್ಕಡಿ, ತೂಕದ ಕಲ್ಲುಗಳಿಗೆ ವಿಭೂತಿ ಹಚ್ಚಿದರು. ಅಪ್ಪ, ಕಾಕಾ ಒಂದೇ ಗಾದಿಯ ಮೇಲೆ ಕುಳಿತರು. ಅವ್ವನ ಕಣ್ಣು ತುಂಬಿದ್ದವು. ಮೊಪೆಡ್ಡಿಗೂ ಪೂಜೆಯಾಯಿತು. ಕಾಕು ಹ್ಯಾಂಡಲ್ಲಿನ ಈ ತುದಿಯಿಂದ ಆ ತುದಿಯವರೆಗೆ ದಪ್ಪ ಚೆಂಡುಹೂವಿನ ಹಾರ ಸುತ್ತಿದರು. ಅದರ ಮೇಲೆ ಹೊಸ ನಿಂಬೆಹಣ್ಣು, ಎರಡೂ ಕಡೆಗೆ. ಎರಡೂ ಬ್ರೇಕು ಹೂವಿನೊಳಗೆ ಮುಚ್ಚಿಹೋದವು. ಪೂಜೆಗೆಂದು ಕೀಲಿ ಗಾಡಿಯಲ್ಲೇ ಇತ್ತು. ಆರತಿಯಾದ ಮೇಲೆ ತೆಗೆದುಕೊಳ್ಳೋಣವೆಂದು ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದೆ.

ಆರತಿಯ ಹೊತ್ತಿಗೆ ವೀಳ್ಯದೆಲೆ ಸಾಲಲಿಲ್ಲ. ಮುಹೂರ್ತ ಮೀರುತ್ತಿತ್ತು.

“ಹೋಗವಾ, ಗಾಡಿ ಮ್ಯಾಲೆ ಹೋಗಿ ತಟ್ಟನ ತಾ. ಈಗಷ್ಟ ಪೂಜಿ ಆಗೇತಿ, ಏನೂ ಆಗೂದಿಲ್ಲ,” ಎಂದರು ಕಾಕು, ಮಗಳಿಗೆ.

“ಬ್ಯಾಡ್ರಿ ಕಾಕು, ಬ್ರೇಕ್ ಹಿಡಿಯೂದಿಲ್ರಿ!” ಎಂದು ಕೂಗಿ ನಾನು ಮೆಟ್ಟಿಲಿಳಿಯುವಷ್ಟರಲ್ಲಿ ಅವಳು ಹೊರಟುಬಿಟ್ಟಿದ್ದಳು. ಒಳಗೆ ಗಂಟೆ ಬಾರಿಸುತ್ತಿತ್ತು, ಅಪ್ಪನಿಗೆ ನನ್ನ ಕೂಗು ಕೇಳಲಿಲ್ಲ. ನಾನು ಬರಿಗಾಲಲ್ಲಿ ಹಿಂದೆ ಓಡಿದೆ. ಅಂಗಡಿಯ ಓಣಿ ದೊಡ್ಡ ರಸ್ತೆಗೆ ಸೇರುವಲ್ಲಿ ಇಳಿಜಾರು. ಅಲ್ಲಿ ಹಾಡು ಕೇಳಿಸಿತು, ಆಮೇಲೆ ಕಬ್ಬಿನ ಟ್ರಾಲಿ ಕಾಣಿಸಿತು. ಅವಳ ಎರಡೂ ಕೈ ಹೂವನ್ನು ಹಿಂಡುತ್ತಿದ್ದವು. ಚೆಂಡುಹೂವಿನ ಎಸಳು ಹಿಂದಕ್ಕೆ ಹಾರಿ ನನ್ನ ಕಡೆಗೆ ಬರುತ್ತಿದ್ದವು. ಗಾಡಿ ನಿಲ್ಲಲಿಲ್ಲ.

ಜೀವ ಉಳಿಯಿತು. ಬಲಗಾಲು ಮೊಣಕಾಲ ಕೆಳಗೆ ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಅವಳು ಯಾರನ್ನೂ ದೂರಲಿಲ್ಲ. “ಅಕ್ಕಾ, ಮೀ ದಾಬ್ಲಾ ಹೋತಾ,” ನಾನು ಬ್ರೇಕು ಒತ್ತಿದ್ದೆ, ಒತ್ತಿದ್ದೆ ಎಂದಷ್ಟೇ ಹೇಳುತ್ತಿದ್ದಳು. ಕಾಕಾ ಗಾಡಿಯನ್ನು ಎತ್ತಿ ತಂದು ಅಂಗಡಿಯ ಹಿಂದೆ ನಿಲ್ಲಿಸಿದ್ದರು. ಕಾಕು ಅದರ ಮುಂದೆ ಕುಳಿತು ತಂತಿ ಬಿಚ್ಚಿದರು. ಬ್ರೇಕಿನ ಸಂದಿಯಲ್ಲಿ ನಿಂಬೆಹಣ್ಣು ಅರ್ಧ ಹಿಂಡಿಹೋಗಿತ್ತು, ಇನ್ನೂ ಹಸಿಯಾಗಿತ್ತು. ಅದನ್ನು ಮುಷ್ಟಿಯಲ್ಲಿ ಹಿಡಿದು ಸಂಜೆಯತನಕ ಅಲ್ಲೇ ಕುಳಿತರು. ಅಂಗಡಿಗಳು ಒಂದಾಗಿಯೇ ಉಳಿದವು. ಬೇರೆಯಾಗುವ ಮಾತೆತ್ತಲು ಯಾರಿಗೂ ಮುಖವಿರಲಿಲ್ಲ. ‘ಪಾಡ್ಯಾ ಒಂದು ಆಗಲಿ’ ಎಂದ ಅಪ್ಪನನ್ನು ನಾನು ಪ್ರೀತಿಸುತ್ತೇನೆ. ಆ ಮಾತನ್ನು ಮಾತ್ರ ಇವತ್ತಿಗೂ ಕ್ಷಮಿಸಿಲ್ಲ.

ಈ ವರ್ಷ ನನ್ನ ಮಗಳಿಗೆ ಹದಿನಾರು ತುಂಬಿತು. ಹೊಸ ಗಾಡಿ ಬಂದ ದಿನ ಕಾಕು ಕೋಲು ಊರಿಕೊಂಡು ಮಿರಜದಿಂದ ಬಂದರು, ಅವರ ಮಗಳೂ ಬಂದಳು. ನಮ್ಮ ಅತ್ತೆ ನಿಂಬೆಹಣ್ಣು ಪೋಣಿಸಿ ಹ್ಯಾಂಡಲ್ಲಿಗೆ ಕಟ್ಟಲು ಹೋದಾಗ ಕಾಕು ಅವರ ಕೈ ಹಿಡಿದರು.

“ಗಾಲಿ ಕೆಳಗ ಇಡ್ರಿ. ಕೈಯಾಗ ಬ್ಯಾಡ.”

ಆಮೇಲೆ ನನ್ನ ಮಗಳ ಬೆರಳುಗಳ ಮೇಲೆ ತಮ್ಮ ಬೆರಳಿಟ್ಟು ಎರಡೂ ಬ್ರೇಕುಗಳನ್ನು ಪೂರಾ ಹಿಡಿಸಿದರು, ಬಿಡಿಸಿದರು, ಮತ್ತೆ ಹಿಡಿಸಿದರು. ಕಾಕುವಿನ ಮಗಳು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದಳು. ಗಾಡಿ ಮುಂದಕ್ಕೆ ಸರಿಯಿತು. ಗಾಲಿಯ ಕೆಳಗೆ ನಿಂಬೆಹಣ್ಣು ಪಚಕ್ಕನೆ ಒಡೆಯಿತು. ಆ ಸಪ್ಪಳಕ್ಕೆ ಕಾಕು ಕಣ್ಣು ಮುಚ್ಚಿಕೊಂಡು ಕಟ್ಟೆಯ ಮೇಲಿದ್ದ ತಮ್ಮ ಮಗಳ ಕಡೆಗೆ ಕೈ ಚಾಚಿದರು.