ಮೇಸ್ತ್ರಿಯ ಎಡಗಣ್ಣು

ಬೆಳಗಿನ ಆರು ಗಂಟೆ. ಇನ್ನೂ ಬಾಗಿಲು ಕೂರಿಸದ ಹೊಸ ಮನೆಯ ಬಚ್ಚಲಲ್ಲಿ ಅರವತ್ತೆಂಟರ ಟೈಲ್ಸ್ ಮೇಸ್ತ್ರಿ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ನಿನ್ನೆ ತಾವೇ ಟೈಲ್ಸ್ ಕೂರಿಸಿದ ಬಿಳಿ ಗೋಡೆಯನ್ನು ದಿಟ್ಟಿಸುತ್ತಿದ್ದಾರೆ. ಟೈಲ್ಸ್ ನಡುವಿನ ಸಂದುಗಳು ನೆಟ್ಟಗೆ ಕಾಣುತ್ತವೆ. "ಇವತ್ತಿಗೆ ಬಚಾವ್," ಎನ್ನುತ್ತಾರೆ. ಆಮೇಲೆಯೇ ಕರಣೆ ಕೈಗೆ.

ನಲವತ್ತೊಂದು ವರ್ಷದ ಕಸುಬು, ದಿನಕ್ಕೆ ನೂರಿಪ್ಪತ್ತು ಟೈಲ್ಸ್. ಇವರ ಬಗ್ಗೆ ಬರೆಯಲು ಬಂದಿರುವ ನಾನು ಎಷ್ಟೋ ಬಚ್ಚಲುಗಳಲ್ಲಿ ನಿಂತು ಹಾಡು ಗುನುಗಿದ್ದೇನೆ, ಟೈಲ್ಸ್ ಕೂರಿಸಿದವರು ಯಾರೆಂದು ಒಮ್ಮೆಯೂ ಕೇಳಿಲ್ಲ. ನಾಚಿಕೆಯಾಗುತ್ತದೆ. ಜೊತೆಯವರು ಇವರನ್ನು, ಸಾಲಿನ ನೇರ ನೋಡುವ ಕೋಲಿನ ಹೆಸರಿಟ್ಟು, 'ಮಟ್ಟಗೋಲು' ಎಂದೇ ಕರೆಯುತ್ತಾರೆ, ಅಷ್ಟು ಕರಾರುವಾಕ್ಕು.

ಹೋದ ವರ್ಷ, ಇವರಿಂದಲೇ ಕೆಲಸ ಕಲಿತ ಮಗಳು ಕೂರಿಸಿದ ಸಾಲನ್ನು ಎಂದಿನಂತೆ ಎಡಗಣ್ಣು ಮುಚ್ಚಿ ಗುರಿಹಿಡಿದು ನೋಡಿದರು. ನಡುವೆ ಡೊಂಕು! ಬೈದು, ಹನ್ನೊಂದು ಟೈಲ್ಸ್ ಒಡೆದು ಕಿತ್ತರು. "ಕೋಲಿಟ್ಟು ನೋಡಪ್ಪ ಅಂತ ಬಡ್ಕೊಂಡೆ. ಕೇಳಿದ್ರೆ ತಾನೇ?" ಎನ್ನುತ್ತಾಳೆ ಮಗಳು. ಡೊಂಕಿದ್ದದ್ದು ಬಲಗಣ್ಣಿನಲ್ಲಿ.

ವಯಸ್ಸಾದಂತೆ ಕಣ್ಣಿನ ಒಳಪರದೆಯ ನಡುಭಾಗ ಕೆಡುವ ಕಾಯಿಲೆಯಂತೆ. ಅಂಚಿನ ನೋಟ ಉಳಿಯುತ್ತದೆ. ಎದುರಿನ ಅಕ್ಷರ, ಮುಖ, ಸಂದು ಮಾಸಿಹೋಗುತ್ತವೆ. ಬಲಗಣ್ಣಿಗೆ ತಡವಾಗಿತ್ತು. ಎಡಗಣ್ಣಿಗೆ ಗೆರೆ ಬಾಗಿ ಕಂಡ ದಿನವೇ ಓಡಿಬನ್ನಿ, ಚುಚ್ಚುಮದ್ದು ಕೊಟ್ಟು ತಡೆಯಲು ನೋಡೋಣ ಎಂದಿದ್ದಾರೆ ಡಾಕ್ಟರು. "ದಿನಾ ನೋಡಿ ಅಂತ ಚೌಕಳಿ ಹಾಳೆ ಕೊಟ್ರು. ನಮ್ಮದು ಗೋಡೆ ತುಂಬಾ ಚೌಕಳಿನೇ ಅಲ್ವಾ ಸಾರ್ ಅಂದೆ. ನಕ್ಕುಬಿಟ್ರು," ಎಂದು ಮೇಸ್ತ್ರಿಯೂ ನಗುತ್ತಾರೆ. ಆ ಒಂದು ಕಣ್ಣಿನ ಮೇಲೆ ಅವರ ಅನ್ನ ನಿಂತಿದೆ.

ನಾನು ಹೋದ ಮೂರನೆಯ ಮುಂಜಾನೆ. ಬಲಗಣ್ಣು ಮುಚ್ಚಿದವರು ಹಾಗೇ ನಿಂತುಬಿಡುತ್ತಾರೆ. 'ಬಚಾವ್' ಎಂಬ ಮಾತು ಬರುವುದಿಲ್ಲ. ಮಗಳು ಮಟ್ಟಗೋಲನ್ನು ಸಂದಿಗೆ ಆನಿಸಿ ಹಿಡಿಯುತ್ತಾಳೆ.

"ಕೋಲೂ ಬಾಗಿದೆ ಕಣಮ್ಮ."

ಮಗಳು ಅವರ ಕರಣೆಯನ್ನು ನೆಲದಿಂದೆತ್ತಿ ಬಕೆಟ್ಟಿಗೆ ಹಾಕುತ್ತಾಳೆ. "ಆಸ್ಪತ್ರೆಗೆ. ಈಗ್ಲೇ. ನಡಿಯಪ್ಪ."

ಹೊರಡುವ ಮುನ್ನ ಮೇಸ್ತ್ರಿ ಎರಡೂ ಕಣ್ಣು ಮುಚ್ಚಿ, ಈ ಮೂಲೆಯಿಂದ ಆ ಮೂಲೆಯವರೆಗೆ ಸಂದಿನ ಮೇಲೆ ಉಗುರು ಎಳೆಯುತ್ತಾರೆ. ಉಗುರು ಎಲ್ಲೂ ತಡೆಯುವುದಿಲ್ಲ.

"ಬರ್ಕೊಳ್ಳಿ," ಎನ್ನುತ್ತಾರೆ ನನಗೆ. "ಗೋಡೆ ನೆಟ್ಟಗೇ ಇದೆ."